ಅಪ್ಪನ ಒಂದು ಬೈಪಾಸ್, ನಾವು ಸುತ್ತಿದ ನಾಲ್ಕು ಆಸ್ಪತ್ರೆ

ತಿಪಟೂರಿನ ನಮ್ಮ ತೋಟದಿಂದ ಮನೆಗೆ ಹತ್ತು ನಿಮಿಷದ ದಾರಿ. 2025ರ ಜನವರಿಯಲ್ಲಿ ಒಂದಿನ ಅಪ್ಪ ಆ ದಾರಿಯಲ್ಲಿ ಎರಡು ಕಡೆ ಕೂತು, ಎದೆ ಸವರಿಕೊಂಡು ಬಂದರು. ಕೇಳಿದರೆ “ಗ್ಯಾಸು ಕಣೋ” ಅಂದರು. ಎಲ್ಲ ಅಪ್ಪಂದಿರಿಗೂ ಮೊದಲು ಗ್ಯಾಸೇ ಅಲ್ವಾ? ಊರಿನ ಡಾಕ್ಟರು ಇಸಿಜಿ ನೋಡಿ, “ಸುಮ್ನೆ ಇಲ್ಲಿ ಟೈಮ್ ಕಳೀಬೇಡಿ, ಬೆಂಗಳೂರಿಗೆ ಕರ್ಕೊಂಡು ಹೋಗಿ” ಅಂದರು. ಮುಂದಿನ ಮೂರು ವಾರದಲ್ಲಿ ನಾಲ್ಕು ಆಸ್ಪತ್ರೆ ನೋಡಿದೆವು. ನಾನು ಡಾಕ್ಟರ್ ಅಲ್ಲ. ಫೈಲ್ ಹಿಡಿದುಕೊಂಡು ಓಡಾಡಿದ ಮಗ ಅಷ್ಟೆ. ಆ ಲೆಕ್ಕದಲ್ಲೇ ಇದನ್ನು ಓದಿ.

ಮೊದಲು ಹೋದದ್ದು ಜಯದೇವಕ್ಕೆ. ಹೃದಯ ಅಂದರೆ ನಮ್ಮ ಕಡೆಯವರ ಬಾಯಲ್ಲಿ ಮೊದಲು ಬರುವ ಹೆಸರು ಅದೇ. 1972ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಒಳಗೆ ಶುರುವಾದ ಸರ್ಕಾರಿ ಸ್ವಾಯತ್ತ ಸಂಸ್ಥೆ ಇದು. ಈಗ ಮೈಸೂರು, ಕಲಬುರಗಿಯಲ್ಲೂ ಇದೆ. 2006ರಿಂದ 2024ರವರೆಗೆ ಡಾ. ಸಿ.ಎನ್. ಮಂಜುನಾಥ್ ನಿರ್ದೇಶಕರಾಗಿದ್ದ ಕಾಲದಲ್ಲಿ ‘ಮೊದಲು ಚಿಕಿತ್ಸೆ, ಆಮೇಲೆ ದುಡ್ಡು’ ಅನ್ನೋದು ಮನೆಮಾತಾಯಿತು. ಅಪ್ಪನಿಗೆ ಮಣಿಕಟ್ಟಿನಿಂದಲೇ ಆಂಜಿಯೋಗ್ರಾಂ ಮಾಡಿದರು, ಅಂದರೆ ರಕ್ತನಾಳಕ್ಕೆ ಡೈ ಬಿಟ್ಟು ಎಕ್ಸ್‌ರೇಯಲ್ಲಿ ನೋಡುವ ಪರೀಕ್ಷೆ. ಪರದೆಯಲ್ಲಿ ರಕ್ತನಾಳ ಬಳ್ಳಿಯ ಹಾಗೆ ಹರಡಿತ್ತು. ಮೂರು ಕಡೆ ಯಾರೋ ದಾರ ಕಟ್ಟಿ ಎಳೆದ ಹಾಗೆ ಸಣ್ಣಗಾಗಿತ್ತು. ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. “ಶುಗರ್ ಇದೆ, ಮೂರು ಬ್ಲಾಕ್ ಇದೆ. ಸ್ಟೆಂಟ್‌ಗಿಂತ ಬೈಪಾಸ್ ಒಳ್ಳೇದು.” ಇಷ್ಟೇ. ಸ್ಟೆಂಟ್ ಅಂದರೆ ಸಣ್ಣಗಾದ ನಾಳದೊಳಗೆ ಕೂರಿಸುವ ಜಾಲರಿ ಕೊಳವೆ. ಬೈಪಾಸ್ ಅಂದರೆ ಕಾಲಿನಿಂದ ತೆಗೆದ ರಕ್ತನಾಳ ಜೋಡಿಸಿ, ಬ್ಲಾಕ್ ದಾಟಿ ರಕ್ತ ಹರಿಯೋಕೆ ಬೇರೆ ದಾರಿ ಮಾಡೋ ಆಪರೇಷನ್.

ಸ್ಟೆಂಟ್ ಅಂದಾಗ ಪಕ್ಕದ ಮನೆ ಮಾವ ನೆನಪಾದರು. ಅವರು ಹಾಕಿಸಿಕೊಂಡಾಗ ಒಂದಕ್ಕೆ ಲಕ್ಷ ದಾಟಿತ್ತು. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬೆಲೆಗೆ ಮಿತಿ ಹಾಕಿತು. ಬರೀ ಲೋಹದ್ದಕ್ಕೆ 7,260, ಔಷಧಿ ಲೇಪದ್ದಕ್ಕೆ 29,600 ರೂಪಾಯಿ. ಮಾವ ಇವತ್ತಿಗೂ ಆ ಮಾತು ಬಂದರೆ ಎದೆ ಮುಟ್ಟಿಕೊಂಡು ನಗುತ್ತಾರೆ.

ಆಪರೇಷನ್ ಜಯದೇವದಲ್ಲೇ ಮಾಡಿಸಬಹುದಿತ್ತು. ಆದರೆ ನನ್ನ ಕಂಪನಿಯ ಇನ್ಶೂರೆನ್ಸ್‌ನಲ್ಲಿ ಅಪ್ಪನ ಹೆಸರಿತ್ತು. ತಂಗಿಯೂ “ಇನ್ನೊಂದು ಕಡೆ ಕೇಳಿಬಿಡೋಣ ಕಣೋ” ಅಂತ ಹಟ ಹಿಡಿದಳು. ಇಲ್ಲಿ ಒಂದು ಕಿವಿಮಾತು: ಆಂಜಿಯೋಗ್ರಾಂನ ಸಿಡಿ ಕೇಳಿ ಇಟ್ಟುಕೊಳ್ಳಿ, ಬರೀ ರಿಪೋರ್ಟ್ ಸಾಲದು. ಯಾಕೆ ಅಂತ ಈಗ ಹೇಳುತ್ತೇನೆ.

ಎರಡನೆಯದು ಬೆಂಗಳೂರಿನ ಮಹಾಲಕ್ಷ್ಮಿ ಲೇಔಟ್‌ನಲ್ಲಿರುವ ನಮ್ಮ ಮನೆ ಹತ್ತಿರದ್ದೇ, ದೊಡ್ಡ ಸರಣಿಯೊಂದರ ಶಾಖೆ. ಹೆಸರು ಬೇಡ. ಲಾಬಿಯಲ್ಲಿ ಕಾಫಿ ಅಂಗಡಿ, ಮೆತ್ತನೆ ಸೋಫಾ. ಅಪ್ಪ ಚಪ್ಪಲಿ ಹೊರಗೆ ಬಿಡಬೇಕಾ ಅಂತ ಕೇಳಿದರು. ಸಿಡಿ ಕೊಟ್ಟರೆ ಅದನ್ನು ಹಾಕಿಯೂ ನೋಡದೆ, “ನಮ್ಮ ಮೆಷಿನ್‌ನಲ್ಲಿ ಇನ್ನೊಂದು ಸಲ ಆಂಜಿಯೋ ಮಾಡಲೇಬೇಕು” ಅಂದರು. ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತದ ಅಂಶ ಕ್ರಿಯಾಟಿನಿನ್, ಅಪ್ಪನಿಗೆ ಅದು ಆಗಲೇ ಸ್ವಲ್ಪ ಏರಿತ್ತು. ಆಂಜಿಯೋಗೆ ಹಾಕುವ ಡೈ ಕಿಡ್ನಿಗೆ ಹೊರೆ ಅಂತ ಜಯದೇವದಲ್ಲೇ ಹೇಳಿದ್ದರು. ಅದನ್ನು ಹೇಳಿದರೆ, “ಪ್ರೋಟೋಕಾಲ್ ಸರ್” ಅನ್ನೋ ಉತ್ತರ. ಆಮೇಲೆ ಬಿಲ್ಲಿಂಗ್ ಕೌಂಟರ್‌ನ ಹುಡುಗ ಎಸ್ಟಿಮೇಟ್ ಹಾಳೆ ಕೊಟ್ಟ. ಜನರಲ್ ವಾರ್ಡ್‌ಗೆ ಒಂದು ರೇಟ್, ಶೇರಿಂಗ್ ರೂಮಿಗೆ ಇನ್ನೊಂದು, ಡಿಲಕ್ಸ್‌ಗೆ ಹೆಚ್ಚು ಕಡಿಮೆ ಎರಡು ಪಟ್ಟು. ಅದೇ ಸರ್ಜನ್, ಅದೇ ಆಪರೇಷನ್ ಥಿಯೇಟರ್ (ಓಟಿ), ಅದೇ ಎದೆ!

ಇದರ ಮರ್ಮ ಗೊತ್ತಾಗಿದ್ದು ಇನ್ಶೂರೆನ್ಸ್ ಕ್ಲೇಮ್ ನೋಡಿಕೊಳ್ಳುವ ಟಿಪಿಎ ಡೆಸ್ಕ್‌ನಲ್ಲಿ. ನನ್ನ ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ದಿನಕ್ಕೆ 5,000 ಮಿತಿ. 8,000ದ ರೂಮ್ ತಗೊಂಡರೆ ಮೇಲಿನ 3,000 ನಾನು ಕೊಟ್ಟರೆ ಮುಗೀತು ಅಂದುಕೊಂಡಿದ್ದೆ. ಹಾಗಲ್ಲ. ಸರ್ಜನ್ ಫೀಸು, ಓಟಿ ಚಾರ್ಜು, ವಿಸಿಟ್ ಎಲ್ಲದರಲ್ಲೂ ಅದೇ ಲೆಕ್ಕದಲ್ಲಿ ಕತ್ತರಿ ಬೀಳುತ್ತದೆ. ಎಂಟರಲ್ಲಿ ಐದು ಪಾಲು ಅವರದು, ಮೂರು ಪಾಲು ನಮ್ಮದು. ರೂಮ್ ಆರಿಸುವ ಮುಂಚೆ ಪಾಲಿಸಿಯ ಈ ಒಂದು ಸಾಲು ಓದಿ. ಉಳಿದದ್ದು ಓದದಿದ್ದರೂ ನಡೆಯುತ್ತೆ.

ಕಿಡ್ನಿಯ ಭಯ ತಲೆಯಲ್ಲಿ ಹೊಕ್ಕಿದ್ದರಿಂದ ಮೂರನೆಯದಾಗಿ ಹಳೇ ಏರ್‌ಪೋರ್ಟ್ ರಸ್ತೆಯ ಮಣಿಪಾಲ್ ಆಸ್ಪತ್ರೆಗೆ ಹೋದೆವು. ಒಂದೇ ದಿನದಲ್ಲಿ ಹೃದಯದವರು, ಕಿಡ್ನಿಯವರು, ಶುಗರ್ ಡಾಕ್ಟರು ಮೂವರೂ ನೋಡಿದರು. ಸಿಡಿಯನ್ನೇ ನೋಡಿದರು, ಮತ್ತೆ ಆಂಜಿಯೋ ಬೇಡ ಅಂದರು. ಕಿಡ್ನಿ ಡಾಕ್ಟರು ಎರಡು ಮಾತ್ರೆ ಬದಲಿಸಿ, “ಆಪರೇಷನ್‌ಗೆ ಅಡ್ಡಿ ಇಲ್ಲ” ಅಂತ ಬರೆದುಕೊಟ್ಟರು. ಆ ಚೀಟಿ ನಮಗೆ ಬಂಗಾರ. ಇವರ ಬೇರು ಮೆಡಿಕಲ್ ಕಾಲೇಜು. ಟಿ.ಎಂ.ಎ. ಪೈಗಳು ಮಣಿಪಾಲದಲ್ಲಿ ಕಸ್ತೂರ್ಬಾ ಕಾಲೇಜು ಕಟ್ಟಿದ್ದು 1953ರಲ್ಲಿ. ಬೆಂಗಳೂರಿನ ಈ ಆಸ್ಪತ್ರೆ ಬಂದಿದ್ದು 1991ರಲ್ಲಿ. ಆಮೇಲಿನ ಬೆಳವಣಿಗೆ ಬಹಳಷ್ಟು ಕೊಂಡು ಸೇರಿಸಿಕೊಂಡದ್ದು. 2021ರಲ್ಲಿ ಕೊಲಂಬಿಯಾ ಏಷ್ಯಾ, ವಿಕ್ರಂ, ಆಮೇಲೆ ಕೋಲ್ಕತ್ತದ ಎಎಂಆರ್‌ಐ. ಯಶವಂತಪುರದ ಕೊಲಂಬಿಯಾ ಏಷ್ಯಾದ ಬೋರ್ಡ್ ಬದಲಾದರೂ ಅಮ್ಮ ಈಗಲೂ ಅದನ್ನು “ಕೊಲಂಬಿಯಾ” ಅಂತಲೇ ಕರೆಯುತ್ತಾರೆ. ಆಟೋದವರೂ ಹಾಗೇ.

ನಾಲ್ಕನೆಯದು ಬೊಮ್ಮಸಂದ್ರದ ನಾರಾಯಣ ಹೃದಯಾಲಯ. ನಾವು ಉಳಿದದ್ದು ಇಲ್ಲೇ.

ಅಪ್ಪನಿಗೆ ಈ ಹೆಸರು ಹೊಸದಲ್ಲ. ಅವರು ಹಾಲಿನ ಸೊಸೈಟಿ ಮೆಂಬರ್. 2003ರಲ್ಲಿ ಯಶಸ್ವಿನಿ ಯೋಜನೆ ಬಂದಾಗ ತಿಂಗಳಿಗೆ 5 ರೂಪಾಯಿ ಕಟ್ಟಿದ್ದು ಅವರಿಗೆ ಇನ್ನೂ ನೆನಪಿದೆ. ಸಹಕಾರ ಸಂಘದ ರೈತರಿಗೆ ಆಪರೇಷನ್ ಖರ್ಚು ಸಿಗುವ ಆ ಯೋಜನೆಯ ಹಿಂದೆ ಸರ್ಕಾರದ ಜೊತೆ ನಿಂತವರು ಡಾ. ದೇವಿ ಶೆಟ್ಟಿ. ಕಿನ್ನಿಗೋಳಿ ಕಡೆಯವರು. ಲಂಡನ್ನಿನಿಂದ ವಾಪಸ್ ಬಂದು ಕೋಲ್ಕತ್ತದಲ್ಲಿ ಕೆಲಸ ಮಾಡಿ, ಮದರ್ ತೆರೇಸಾ ಅವರಿಗೂ ಚಿಕಿತ್ಸೆ ಕೊಟ್ಟು, 2000ದಲ್ಲಿ ಹೊಸೂರು ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಈ ಆಸ್ಪತ್ರೆ ಶುರು ಮಾಡಿದರು. ಇದು ಹುಟ್ಟಿದ್ದೇ ಹೃದಯಕ್ಕೆ. ಅದೇ ಜಾಗದಲ್ಲಿ ಕ್ಯಾನ್ಸರ್‌ಗೆ ಮಜುಂದಾರ್ ಶಾ ಕೇಂದ್ರ ಬಂದಿದ್ದು 2009ರಲ್ಲಿ. 2013ರಲ್ಲಿ ಸರಣಿಯ ಹೆಸರು ನಾರಾಯಣ ಹೆಲ್ತ್ ಆಯಿತು. 2014ರಲ್ಲಿ ಕೇಮನ್ ದ್ವೀಪದಲ್ಲಿ ಆಸ್ಪತ್ರೆ ತೆರೆದರು. 2016ರಲ್ಲಿ ಷೇರುಪೇಟೆಗೂ ಬಂದರು.

ಕೋಲ್ಕತ್ತದ ನಂಟು ಗೇಟಿನ ಹೊರಗೇ ಕಾಣುತ್ತೆ. ಲಾಡ್ಜ್, ಮೆಡಿಕಲ್ ಶಾಪ್, ಹೋಟೆಲ್, ಎಲ್ಲದಕ್ಕೂ ಬಂಗಾಳಿ ಬೋರ್ಡ್. ಬೊಮ್ಮಸಂದ್ರದಲ್ಲಿ ಮೀನು ಸಾರಿನ ವಾಸನೆ, ಸುತ್ತ ಬಂಗಾಳಿ ಮಾತು. ನಾನು ಇಡ್ಲಿ ಹುಡುಕಿಕೊಂಡು ಅರ್ಧ ಕಿಲೋಮೀಟರ್ ನಡೆದೆ. ಪಕ್ಕದ ಬೆಂಚಿನಲ್ಲಿ ಕೂತಿದ್ದ ಬಂಗಾಳದ ಅಜ್ಜಿಯೊಬ್ಬರ ಜೊತೆ ಅಮ್ಮ ಕನ್ನಡದಲ್ಲೇ ಅರ್ಧ ಗಂಟೆ ಮಾತಾಡಿದರು. ಆ ಅಜ್ಜಿ ಬಂಗಾಳಿಯಲ್ಲಿ. ಇಬ್ಬರ ಗಂಡಂದಿರಿಗೂ ಮೂರು ಬ್ಲಾಕ್ ಅನ್ನೋದು ಬೆರಳೆಣಿಕೆಯಲ್ಲೇ ಗೊತ್ತಾಗಿಹೋಯಿತು.

ಇಲ್ಲಿ ನನಗೆ ಹಿಡಿಸಿದ್ದು ಅಭ್ಯಾಸಬಲ. ದಿನಕ್ಕೆ ಹತ್ತಾರು ಹೃದಯದ ಆಪರೇಷನ್ ಮಾಡುವ ಜಾಗದಲ್ಲಿ ಅಪ್ಪನದು ವಿಶೇಷ ಕೇಸೇ ಅಲ್ಲ. ಮೊದಲು ಅದು ಬೇಜಾರಾಯಿತು. ಆಮೇಲೆ ಅದೇ ಧೈರ್ಯ ಅನ್ನಿಸಿತು. ಎಸ್ಟಿಮೇಟ್‌ನಲ್ಲಿ ಪ್ಯಾಕೇಜ್ ಅಂತ ಬರೆದದ್ದಕ್ಕೂ ಕೊನೆಯ ಬಿಲ್ಲಿಗೂ ಜಾಸ್ತಿ ದೂರ ಇರಲಿಲ್ಲ. ನರ್ಸ್‌ಗಳು ನನ್ನನ್ನೂ ತಂಗಿಯನ್ನೂ ಕೂರಿಸಿ ಪಾಠ ಮಾಡಿದರು. ಗಾಯ ಹೇಗೆ ನೋಡೋದು, ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವಚಿಕೊಂಡು ಕೆಮ್ಮಿಸೋದು ಹೇಗೆ, ರಕ್ತನಾಳ ತೆಗೆದ ಕಾಲು ಊದಿಕೊಂಡರೆ ಏನು ಮಾಡೋದು. ಮೂರು ಬಣ್ಣದ ಚೆಂಡಿರುವ ಪ್ಲಾಸ್ಟಿಕ್ ಡಬ್ಬಿ ಕೊಟ್ಟರು, ಉಸಿರೆಳೆದು ಚೆಂಡು ಮೇಲೇರಿಸೋಕೆ. ಮೊದಲ ದಿನ ಅಪ್ಪನಿಗೆ ಒಂದೂ ಏರಲಿಲ್ಲ. ನಾಲ್ಕನೇ ದಿನ ಎರಡು ಏರಿದವು. ಮೂರನೆಯದು ಏರಿದಾಗ ವಾರ್ಡಿನ ಪಕ್ಕದ ಬೆಡ್‌ನವರು ಚಪ್ಪಾಳೆ ತಟ್ಟಿದರು.

ಹಾಗಂತ ಎಲ್ಲರೂ ಬೊಮ್ಮಸಂದ್ರಕ್ಕೇ ಹೋಗಿ ಅಂತ ನಾನು ಹೇಳೋದಿಲ್ಲ. ಕೈಯಲ್ಲಿ ಇನ್ಶೂರೆನ್ಸ್ ಇಲ್ಲ, ಎದೆನೋವು ಈಗಲೇ ಶುರುವಾಗಿದೆ ಅಂದರೆ ನಾನು ಜಯದೇವದ ಕಡೆ ಓಡುತ್ತೇನೆ. ಕಾಯಿಲೆ ಒಂದಲ್ಲ ನಾಲ್ಕಿದ್ದು, ಯಾವುದರಿಂದ ಯಾವುದು ಅಂತಲೇ ತಿಳಿಯದಿದ್ದರೆ ಮಣಿಪಾಲ್ ತರಹದ ಕಾಲೇಜಿನಿಂದ ಬೆಳೆದ ಆಸ್ಪತ್ರೆ. ಏನು ಮಾಡಬೇಕು ಅಂತ ಪಕ್ಕಾ ಗೊತ್ತಿದ್ದು, ಮಾಡಿ ಮಾಡಿ ಕೈ ಪಳಗಿದವರು ಬೇಕು ಅಂದರೆ ಆ ಒಂದಕ್ಕೇ ಹುಟ್ಟಿದ ಜಾಗ. ಸರಣಿಗೆ ಎಷ್ಟು ಶಾಖೆ ಇದೆ ಅನ್ನೋದನ್ನು ನಾನೀಗ ನೋಡೋದಿಲ್ಲ. ನಮ್ಮ ಮನೆ ಹತ್ತಿರದ ಶಾಖೆಯಲ್ಲಿ ನಮಗೆ ಬೇಕಾದ ಡಾಕ್ಟರು ವಾರಕ್ಕೆ ಎಷ್ಟು ದಿನ ಇರುತ್ತಾರೆ ಅಂತ ಕೇಳುತ್ತೇನೆ.

ಆಪರೇಷನ್ ಸಮಯದಲ್ಲಿ ಮಹಾಲಕ್ಷ್ಮಿ ಲೇಔಟ್‌ನಿಂದ ಬೊಮ್ಮಸಂದ್ರಕ್ಕೆ ಹೋಗಿ ಬರೋದೇ ಒಂದು ಕಾಯಿಲೆಯಾಗಿತ್ತು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನನ್ನ ಬಿಪಿ ಯಾರೂ ನೋಡಲಿಲ್ಲ, ಪುಣ್ಯ. ಅದೇ ವರ್ಷ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಹಳದಿ ಮೆಟ್ರೋ ಶುರುವಾಯಿತು. ಈಗ ರಿವ್ಯೂಗೆ ಮೆಟ್ರೋದಲ್ಲೇ ಹೋಗುತ್ತೇವೆ, ಆರ್.ವಿ. ರೋಡ್‌ನಲ್ಲಿ ಬದಲಾಯಿಸಿಕೊಂಡು. ಹೋದ ಸಲ ‘ಜಯದೇವ ಹಾಸ್ಪಿಟಲ್’ ಅಂತ ಸ್ಟೇಷನ್ ಹೆಸರು ಕೂಗಿದ್ದೇ ತಡ, ಅಪ್ಪ ಎದುರು ಸೀಟಿನ ಅಪರಿಚಿತರಿಗೆ ಹೇಳಿದರು: “ನಂಗೆ ಬ್ಲಾಕ್ ಸಿಕ್ಕಿದ್ದು ಇಲ್ಲೇ. ತೆಗೆಸಿಕೊಂಡದ್ದು ಲಾಸ್ಟ್ ಸ್ಟಾಪಲ್ಲಿ.”