ವೆಸ್ಟ್‌ವರ್ಲ್ಡ್: ಮೊದಲ ಹತ್ತು ಕಂತುಗಳಾಚೆ ಹೋಗುವವರಿಗೆ ಒಂದು ಎಚ್ಚರಿಕೆ

‘ವೆಸ್ಟ್‌ವರ್ಲ್ಡ್’ ಧಾರಾವಾಹಿಯನ್ನು ಈಗ ನೋಡಲು ಹೊರಟವರಿಗೆ, ಅದರಲ್ಲೂ ಮೊದಲ ಸೀಸನ್ ಮುಗಿಸಿ ಎರಡನೆಯದಕ್ಕೆ ಕೈಹಾಕುವ ಹುರುಪಿನಲ್ಲಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾಲ್ಕು ಸೀಸನ್‌ಗಳ 36 ಕಂತುಗಳನ್ನೂ ಕೊನೆಯವರೆಗೆ ನೋಡಿದ ಮೇಲೆ ಹೇಳಬಹುದಾದದ್ದು ಇಷ್ಟು: ಈ ಕಥೆ ಮುಗಿಯುವುದಿಲ್ಲ, ಮತ್ತು ಮುಗಿಯದಿರುವುದು ಅದರ ದೊಡ್ಡ ದೋಷವೂ ಅಲ್ಲ. ಮೊದಲ ಸೀಸನ್‌ನ ಮುಖ್ಯ ಗುಟ್ಟನ್ನು ಒಡೆಯದೆ ಇದನ್ನು ವಿವರಿಸಲಾಗುವುದಿಲ್ಲವಾದ್ದರಿಂದ, ಆ ಹತ್ತು ಕಂತುಗಳನ್ನು ನೋಡದವರು ಇಲ್ಲಿಗೇ ನಿಲ್ಲಿಸಿ, ಅವನ್ನು ನೋಡಿ ಬಂದು ಮುಂದೆ ಓದುವುದು ಒಳ್ಳೆಯದು.

ಎಚ್‌ಬಿಒ ವಾಹಿನಿಯಲ್ಲಿ 2016ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಧಾರಾವಾಹಿಯನ್ನು ರೂಪಿಸಿದವರು ಜೊನಾಥನ್ ನೋಲನ್ ಮತ್ತು ಲೀಸಾ ಜಾಯ್ ದಂಪತಿ. ಮೂಲ ಕಲ್ಪನೆ ಮೈಕೆಲ್ ಕ್ರೈಟನ್ 1973ರಲ್ಲಿ ಬರೆದು ನಿರ್ದೇಶಿಸಿದ ಅದೇ ಹೆಸರಿನ ಚಲನಚಿತ್ರದ್ದು. ಹಣವಂತರು ಬಂದು ಹಳೆಯ ಅಮೆರಿಕದ ಕೌಬಾಯ್ ಲೋಕದಲ್ಲಿ ಮನಸ್ಸಿಗೆ ಬಂದಂತೆ ನಡೆದುಕೊಂಡು ಹೋಗಬಹುದಾದ ಒಂದು ವಿಹಾರಧಾಮ. ಅಲ್ಲಿ ಅವರ ಗುಂಡಿಗೂ ಲಾಲಸೆಗೂ ಈಡಾಗಲೆಂದೇ ತಯಾರಾದ, ಮನುಷ್ಯರಲ್ಲವೆಂದು ಗುರುತಿಸಲಾಗದಂಥ ಯಂತ್ರಮಾನವರು. ಚಲನಚಿತ್ರದಲ್ಲಿ ಯಂತ್ರಗಳು ಕೆಟ್ಟು ಪ್ರವಾಸಿಗರ ಮೇಲೆ ಬೀಳುತ್ತವೆ, ನಾವು ಪ್ರವಾಸಿಗರ ಪರವಾಗಿ ಹೆದರುತ್ತೇವೆ. ಧಾರಾವಾಹಿಯಾದರೋ ‘ಹೋಸ್ಟ್’ ಎಂದು ಕರೆಯಲಾಗುವ ಆ ಯಂತ್ರಗಳ ಪಕ್ಕದಲ್ಲಿ ನಮ್ಮನ್ನು ಕೂರಿಸಿತು.

ಡೊಲೊರೆಸ್ ಎಂಬ ಹಳ್ಳಿಯ ಹುಡುಗಿ ಬೆಳಿಗ್ಗೆ ಎದ್ದು, ಜಗಲಿಯಲ್ಲಿ ಕುಳಿತ ತಂದೆಯನ್ನು ಮಾತನಾಡಿಸಿ, ಪೇಟೆಗೆ ಹೋಗಿ, ಕುದುರೆಯ ಚೀಲಕ್ಕೆ ಸಾಮಾನು ತುಂಬುವಾಗ ಕೈಯಿಂದ ಒಂದು ಹಾಲಿನ ಡಬ್ಬಿಯನ್ನು ಬೀಳಿಸುತ್ತಾಳೆ. ರಾತ್ರಿಯಾಗುವಷ್ಟರಲ್ಲಿ ಅವಳ ಮನೆಯವರು ಕೊಲೆಯಾಗಿರುತ್ತಾರೆ, ಅವಳ ಮೇಲೆ ಅತ್ಯಾಚಾರ ನಡೆದಿರುತ್ತದೆ. ಆಮೇಲೆ ಅವಳ ನೆನಪನ್ನು ಅಳಿಸಿ, ಗಾಯಗಳನ್ನು ಸರಿಪಡಿಸಿ, ಮರುದಿನ ಬೆಳಿಗ್ಗೆ ಅದೇ ಹಾಸಿಗೆಯಲ್ಲಿ ಎಬ್ಬಿಸಲಾಗುತ್ತದೆ. ಡಬ್ಬಿ ಮತ್ತೆ ಬೀಳುತ್ತದೆ. ಅವಳು ಮರೆತದ್ದನ್ನೆಲ್ಲ ಅವಳ ಬದಲಿಗೆ ನೆನಪಿಟ್ಟುಕೊಳ್ಳುವ ಹೊಣೆ ನೋಡುಗನ ಮೇಲೆ ಬೀಳುತ್ತದೆ, ಮತ್ತು ಆ ಹೊಣೆಯಿಂದಲೇ ನಾವು ಅವಳ ಕಡೆಯವರಾಗುತ್ತೇವೆ. ಯಂತ್ರಕ್ಕೆ ಪ್ರಜ್ಞೆ ಹುಟ್ಟುವ ಬಗೆಯನ್ನು ಹೇಳಲು ಲೇಖಕರು ಮನಶ್ಶಾಸ್ತ್ರಜ್ಞ ಜೂಲಿಯನ್ ಜೇನ್ಸ್ 1976ರಲ್ಲಿ ಮಂಡಿಸಿದ ಸಿದ್ಧಾಂತವನ್ನು ಎತ್ತಿಕೊಂಡರು: ಪುರಾತನ ಮನುಷ್ಯರು ತಮ್ಮದೇ ಆಲೋಚನೆಯನ್ನು ದೇವರ ದನಿಯೆಂದು ಕೇಳಿಸಿಕೊಳ್ಳುತ್ತಿದ್ದರು, ಆ ದನಿ ತಮ್ಮದೇ ಎಂದು ಅರಿತ ಕಾಲಕ್ಕೆ ಪ್ರಜ್ಞೆ ಮೂಡಿತು ಎನ್ನುವುದು ಅದರ ಸಾರ. ಸಿದ್ಧಾಂತ ಸರಿಯೋ ತಪ್ಪೋ, ಕಥೆಗೆ ಅದು ಅಚ್ಚುಕಟ್ಟಾಗಿ ಹೊಂದಿತು. ಆಂಥನಿ ಹಾಪ್ಕಿನ್ಸ್, ಜೆಫ್ರಿ ರೈಟ್, ಇವಾನ್ ರೇಚೆಲ್ ವುಡ್ ಅವರ ಅಭಿನಯದ ಬಗ್ಗೆ ಹೇಳಬೇಕಾದದ್ದೇ ಇಲ್ಲ. ಮೊದಲ ಸೀಸನ್‌ಗೆ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಯ 22 ನಾಮನಿರ್ದೇಶನಗಳು ಬಂದದ್ದು ಸುಮ್ಮನೆ ಅಲ್ಲ.

ಆ ಸೀಸನ್‌ನ ಗುಟ್ಟು ಏನೆಂದರೆ, ವಿಹಾರಧಾಮಕ್ಕೆ ಹೊಸದಾಗಿ ಬಂದ ಸಭ್ಯ ಯುವಕ ವಿಲಿಯಂ ಮತ್ತು ಕಪ್ಪು ಬಟ್ಟೆಯ ಕ್ರೂರ ಮುದುಕ ಇಬ್ಬರೂ ಒಬ್ಬನೇ. ನಾವು ಒಂದೇ ಕಾಲದ್ದೆಂದುಕೊಂಡ ಕಥೆಗಳ ನಡುವೆ ಮೂವತ್ತು ವರ್ಷಗಳ ಅಂತರವಿದೆ. ಇದು ಮೋಸವೆನಿಸುವುದಿಲ್ಲ, ಏಕೆಂದರೆ ಆ ಲೋಕದ ನಿಯಮದಿಂದಲೇ ಅದು ಹುಟ್ಟಿದೆ. ಹೋಸ್ಟ್‌ಗಳಿಗೆ ವಯಸ್ಸಾಗುವುದಿಲ್ಲ, ಅವರಿಗೆ ನೆನಪೆಂದರೆ ಮಸುಕಾದ ಚಿತ್ರವಲ್ಲ, ಮತ್ತೊಮ್ಮೆ ಅದೇ ಕ್ಷಣವನ್ನು ಬದುಕುವುದು. ಡೊಲೊರೆಸ್‌ಗೆ ಅಂದು ಇಂದು ಎಂಬ ವ್ಯತ್ಯಾಸ ತಿಳಿಯದಿದ್ದುದರಿಂದ ನಮಗೂ ತಿಳಿಯಲಿಲ್ಲ.

ಕೆಡುಕು ಇಲ್ಲಿಂದಲೇ ಆರಂಭವಾಯಿತು. ರೆಡ್ಡಿಟ್‌ನಲ್ಲಿ (ಅಂತರ್ಜಾಲದ ಚರ್ಚಾತಾಣ) ಸೇರಿದ ಅಭಿಮಾನಿಗಳು ಈ ಗುಟ್ಟನ್ನು ಸೀಸನ್ ಮುಗಿಯುವ ಮೊದಲೇ ಊಹಿಸಿಬಿಟ್ಟಿದ್ದರು. ಎರಡನೆಯ ಸೀಸನ್ ಸಿದ್ಧವಾಗುತ್ತಿದ್ದಾಗ, ಅದರ ತಿರುವೊಂದನ್ನು ರೆಡ್ಡಿಟ್ ಈಗಾಗಲೇ ಊಹಿಸಿರುವುದರಿಂದ ಅದನ್ನು ಬದಲಾಯಿಸುತ್ತಿದ್ದೇವೆ ಎಂದು ನೋಲನ್ ಹೇಳಿದ್ದು 2017ರಲ್ಲಿ ವರದಿಯಾಯಿತು. ಹಾಸ್ಯದ ಧಾಟಿಯಲ್ಲಿ ಹೇಳಿದ್ದರೂ ಇರಬಹುದು, ಆದರೆ ಮುಂದೆ ತೆರೆಯ ಮೇಲೆ ಬಂದದ್ದನ್ನು ನೋಡಿದರೆ ಆ ಮನೋಭಾವ ನಿಜವೇ ಆಗಿತ್ತು ಎನಿಸುತ್ತದೆ. ಜರಾಸಂಧನನ್ನು ಯಾರು ಕೊಲ್ಲುತ್ತಾರೆಂದು ಗೊತ್ತಿಲ್ಲದವರು ಯಕ್ಷಗಾನದ ಚೌಕಿಯ ಹತ್ತಿರದಲ್ಲೂ ಸಿಗುವುದಿಲ್ಲ, ಆದರೂ ಜನ ಬೆಳಗಿನವರೆಗೆ ಕುಳಿತಿರುತ್ತಾರೆ. ನೋಡುಗನಿಗೆ ಮುಂದಿನದು ಗೊತ್ತಾಗಿಬಿಟ್ಟರೆ ಕಥೆ ಸತ್ತಂತೆ ಎಂದು ನಂಬಿದ ಲೇಖಕ ತನ್ನ ಪಾತ್ರಗಳ ಮೇಲೆ ವಿಶ್ವಾಸ ಕಳೆದುಕೊಂಡಿದ್ದಾನೆ ಎಂದೇ ಅರ್ಥ.

ಎರಡನೆಯ ಸೀಸನ್‌ನಲ್ಲಿ ಹೋಸ್ಟ್‌ಗಳನ್ನು ನೋಡಿಕೊಳ್ಳುವ, ತಾನೂ ಹೋಸ್ಟ್ ಆಗಿರುವ ಬರ್ನಾರ್ಡ್ ಕಡಲತೀರದಲ್ಲಿ ಎಚ್ಚರಗೊಳ್ಳುತ್ತಾನೆ, ಅವನ ನೆನಪುಗಳು ಕಲಸಿಹೋಗಿವೆ, ಆದ್ದರಿಂದ ಕಥೆಯೂ ಕಲಸಿಹೋಗಿದೆ. ಅವನು ಬೇಕೆಂದೇ ತನ್ನ ನೆನಪುಗಳ ಕ್ರಮವನ್ನು ಕೆಡಿಸಿಕೊಂಡಿದ್ದ ಎಂಬ ಕಾರಣ ಕೊನೆಗೆ ಸಿಗುತ್ತದೆ. ಆದರೆ ಅದು ಕಂತುಗಳನ್ನು ಹಿಂದುಮುಂದು ಮಾಡಲು ಹುಡುಕಿಕೊಂಡ ನೆಪದಂತೆ ಕಾಣುತ್ತದೆಯೇ ಹೊರತು, ಡೊಲೊರೆಸ್‌ಳ ಗೊಂದಲದಲ್ಲಿದ್ದ ನೋವು ಅದರಲ್ಲಿಲ್ಲ. ಬರ್ನಾರ್ಡ್‌ನ ಮುಖದ ಗಾಯ, ಅಂಗಿಯ ಸ್ಥಿತಿ ನೋಡಿ ‘ಇದು ಮೊದಲಿನದೋ ಆಮೇಲಿನದೋ’ ಎಂದು ಲೆಕ್ಕ ಹಾಕುವುದರಲ್ಲೇ ನನ್ನ ಗಮನವೆಲ್ಲ ಹೋಗುತ್ತಿತ್ತು. ಅವನ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂದು ಕೇಳಿಕೊಳ್ಳುವ ವ್ಯವಧಾನವೇ ಉಳಿಯಲಿಲ್ಲ.

ನಮ್ಮಂಥವರಿಗೆ ವಿಶೇಷವಾಗಿ ಚುಚ್ಚುವ ಉದಾಹರಣೆಯೊಂದು ಅದೇ ಸೀಸನ್‌ನಲ್ಲಿದೆ. ಮೊದಲ ಕಂತಿನಲ್ಲಿ ನೀರಿನ ದಡದಲ್ಲಿ ಒಂದು ಹುಲಿಯ ಹೆಣ ಸಿಗುತ್ತದೆ. ಕೌಬಾಯ್ ಲೋಕಕ್ಕೆ ಬಂಗಾಳದ ಹುಲಿ ಬಂದದ್ದೆಲ್ಲಿಂದ ಎನ್ನುವುದು ಒಗಟು. ಮೂರನೆಯ ಕಂತು ಉತ್ತರ ಕೊಡುತ್ತದೆ: ಪಕ್ಕದಲ್ಲೇ ‘ದಿ ರಾಜ್’ ಎಂಬ ಇನ್ನೊಂದು ವಿಹಾರಧಾಮವಿದೆ, ಅಲ್ಲಿ ಬ್ರಿಟಿಷರ ಕಾಲದ ಭಾರತ, ಆನೆಗಳು, ಬೇಟೆ, ಹಿನ್ನೆಲೆಯಲ್ಲಿ ಸಿತಾರ್. ಬಿಳಿಯ ಅತಿಥಿಗಳಿಗಾಗಿ ಭಾರತೀಯ ರೂಪದ ಯಂತ್ರಗಳು ಸೇವೆಗೆ ನಿಲ್ಲುವ ಜಾಗ! ಈ ಧಾರಾವಾಹಿ ಕೇಳುತ್ತಿದ್ದ ಪ್ರಶ್ನೆಗೆ ಇದಕ್ಕಿಂತ ತೀಕ್ಷ್ಣವಾದ ನೆಲೆ ಇನ್ನೊಂದು ಸಿಗಲಾರದು. ಆದರೆ ಕೆಲವೇ ನಿಮಿಷಗಳಲ್ಲಿ ಹುಲಿ ಒಬ್ಬಾಕೆಯನ್ನು ಅಟ್ಟಿಸಿಕೊಂಡು ಬಂದು ಇಬ್ಬರೂ ನೀರಿಗೆ ಬೀಳುತ್ತಾರೆ, ಹೆಣದ ಲೆಕ್ಕ ಚುಕ್ತಾ ಆಗುತ್ತದೆ, ‘ದಿ ರಾಜ್’ನ ಕಥೆ ಅಲ್ಲಿಗೆ ಮುಗಿಯುತ್ತದೆ. ಆ ಸೇವಕರಲ್ಲಿ ಒಬ್ಬನಿಗಾದರೂ ಒಂದು ಬೆಳಿಗ್ಗೆ, ಒಬ್ಬ ತಂದೆ, ಬಿದ್ದುಹೋಗುವ ಒಂದು ಡಬ್ಬಿ ಸಿಗಲಿಲ್ಲ.

2020ರ ಮೂರನೆಯ ಸೀಸನ್ ಕಥೆಯನ್ನು ವಿಹಾರಧಾಮದಿಂದ ಹೊರಗಿನ ನಗರಕ್ಕೆ ತಂದಿತು. ಪ್ರತಿಯೊಬ್ಬ ಮನುಷ್ಯನ ಬದುಕನ್ನೂ ಮೊದಲೇ ಲೆಕ್ಕ ಹಾಕಿ ನಡೆಸುವ ರೆಹೊಬೋಮ್ ಎಂಬ ಯಂತ್ರ ಅಲ್ಲಿದೆ. ಅಂದರೆ ಹೋಸ್ಟ್‌ಗಳಂತೆ ಮನುಷ್ಯರೂ ಒಂದೇ ವರ್ತುಲದಲ್ಲಿ ಸುತ್ತುತ್ತಿದ್ದಾರೆ. ಒಳ್ಳೆಯ ಯೋಚನೆಯೇ. ಆದರೆ ಅದನ್ನು ಪಾತ್ರಗಳು ಬಾಯಲ್ಲಿ ಹೇಳುತ್ತವೆ, ನಾವು ಅನುಭವಿಸುವುದಿಲ್ಲ. ಡೊಲೊರೆಸ್ ಈಗ ಗುಂಡುಗಳ ನಡುವೆ ತಣ್ಣನೆಯ ಕಣ್ಣುಗಳಿಂದ ನಡೆಯುವ ಸೇಡಿನ ಮೂರ್ತಿ, ಅವಳ ಪ್ರತಿಗಳು ಬೇರೆ ಬೇರೆ ದೇಹಗಳಲ್ಲಿ ಓಡಾಡುತ್ತಿವೆ. ಸಾವು ಅಗ್ಗವಾದದ್ದು ಇದರಿಂದ. ಮೊದಲ ಸೀಸನ್‌ನಲ್ಲಿ ಹೋಸ್ಟ್ ಸತ್ತು ಮತ್ತೆ ಏಳುವುದು ಶಿಕ್ಷೆಯಾಗಿತ್ತು. ಈಗ ಅದು ಸೌಕರ್ಯವಾಯಿತು. ಯಾರಿಗೆ ಗುಂಡು ತಗುಲಿದರೂ ಹೊಸ ದೇಹವೊಂದು ಸಿದ್ಧವಿರುತ್ತದೆಂದು ತಿಳಿದ ಮೇಲೆ, ಎಷ್ಟು ದೊಡ್ಡ ಹೊಡೆದಾಟವಾದರೂ ಎದೆ ಒಂದಿಷ್ಟೂ ಬಡಿದುಕೊಳ್ಳುವುದಿಲ್ಲ. ನಾಲ್ಕನೆಯ ಸೀಸನ್ ಹಳೆಯ ಚಾಳಿಗೇ ಮರಳಿ, ನಡುವಿನಲ್ಲೊಮ್ಮೆ 23 ವರ್ಷ ಕಳೆದುಹೋಗಿವೆ ಎಂದು ಬೆಚ್ಚಿಬೀಳಿಸಲು ನೋಡುತ್ತದೆ. ಆ ಹೊತ್ತಿಗೆ ನನಗೆ ಬೆಚ್ಚಿಬೀಳುವ ಆಸಕ್ತಿ ಇರಲಿಲ್ಲ.

ಐದನೆಯ ಸೀಸನ್‌ನಲ್ಲಿ ಕಥೆ ಮುಗಿಸುವುದು ಲೇಖಕರ ಯೋಜನೆಯಾಗಿತ್ತು. 2022ರ ನವೆಂಬರ್‌ನಲ್ಲಿ ವಾಹಿನಿ ಧಾರಾವಾಹಿಯನ್ನು ರದ್ದುಗೊಳಿಸಿತು; ಮುಂದೆ ಅಮೆರಿಕದಲ್ಲಿ ತನ್ನದೇ ಸ್ಟ್ರೀಮಿಂಗ್ ಸೇವೆಯಾದ ಎಚ್‌ಬಿಒ ಮ್ಯಾಕ್ಸ್‌ನಿಂದಲೇ ಹಳೆಯ ಕಂತುಗಳನ್ನೂ ತೆಗೆದುಹಾಕಲಾಯಿತು. ಭಾರತದಲ್ಲಿ 2023ರ ಮಾರ್ಚ್ ಕೊನೆಗೆ ಎಚ್‌ಬಿಒದ ಕಾರ್ಯಕ್ರಮಗಳೆಲ್ಲ ಹಾಟ್‌ಸ್ಟಾರ್‌ನಿಂದ ಹೊರನಡೆದವು. ಹೀಗಾಗಿ ಚಂದಾ ಕಟ್ಟುವ ಮೊದಲು ಇದು ಈಗ ಯಾವ ಆ್ಯಪ್‌ನಲ್ಲಿ ಸಿಗುತ್ತಿದೆ, ಎಲ್ಲ ಸೀಸನ್‌ಗಳೂ ಇವೆಯೇ ಎಂದು ನೋಡಿಕೊಳ್ಳಿ.

ಮೊದಲ ಹತ್ತು ಕಂತುಗಳನ್ನು ಸಂಪೂರ್ಣ ಕೃತಿಯೆಂದು ಭಾವಿಸಿ ನೋಡುವುದೇ ನನ್ನ ಸಲಹೆ. ಅವು ಹಾಗೆ ನಿಲ್ಲಬಲ್ಲವು. ಇನ್ನೂ ಬೇಕೆನಿಸಿದರೆ ಎರಡನೆಯ ಸೀಸನ್‌ನ ಎರಡು ಕಂತುಗಳಿವೆ. ನಾಲ್ಕನೆಯದರಲ್ಲಿ, ಸತ್ತ ಧನಿಕನೊಬ್ಬನ ಮನಸ್ಸನ್ನು ಯಂತ್ರದೇಹಕ್ಕೆ ತುಂಬುವ ಪ್ರಯತ್ನ ಮತ್ತೆ ಮತ್ತೆ ಸೋಲುತ್ತದೆ; ಎಂಟನೆಯದು ಬಹುಪಾಲು ಅಮೆರಿಕದ ಮೂಲನಿವಾಸಿಗಳ ಲಕೋಟಾ ಭಾಷೆಯಲ್ಲೇ ಸಾಗುವ, ಅಕೆಚೆಟಾ ಎಂಬ ಹೋಸ್ಟ್‌ನ ಕಥೆ. ಎರಡರಲ್ಲೂ ಒಗಟಿಲ್ಲ, ಒಬ್ಬ ಜೀವಿಯ ಸಂಕಟವಿದೆ. ಇಷ್ಟು ಹೇಳಿದ ಮೇಲೂ ಪೂರ್ತಿ ನೋಡುತ್ತೇನೆನ್ನುವವರು, ನಾಲ್ಕನೆಯ ಸೀಸನ್‌ನ ಕೊನೆಯಲ್ಲಿ ಡೊಲೊರೆಸ್ ಕಟ್ಟಕಡೆಯ ಆಟವೊಂದಕ್ಕೆ ಸಿದ್ಧವಾಗುವಾಗ, ಆ ಆಟವನ್ನು ಯಾರೂ ಚಿತ್ರೀಕರಿಸಿಲ್ಲ ಎಂಬುದನ್ನು ತಿಳಿದುಕೊಂಡೇ ನೋಡಲಿ.