ಸಿಎಚ್341ಎ ಪ್ರೋಗ್ರಾಮರ್ ಕಿಟ್: ಬಯೋಸ್ ಕೆಟ್ಟ ಗ್ರಾಫಿಕ್ಸ್ ಕಾರ್ಡ್ ಉಳಿಸಲು ಇದು ಸಾಕೇ?

ಗ್ರಾಫಿಕ್ಸ್ ಕಾರ್ಡ್‌ನ ಬಯೋಸ್ (ಕಾರ್ಡ್ ಶುರುವಾಗಲು ಬೇಕಾದ ಒಳ ಸಾಫ್ಟ್‌ವೇರ್) ಅಪ್‌ಡೇಟ್ ಅರ್ಧಕ್ಕೆ ನಿಂತು ಪರದೆ ಕಪ್ಪಾದರೆ, ಕಾರ್ಡ್ ಕಥೆ ಮುಗಿಯಿತು ಎಂದು ಎತ್ತಿಡುವವರೇ ಜಾಸ್ತಿ. ಹೆಚ್ಚಿನ ಸಲ ಕೆಟ್ಟಿರುವುದು ಎಂಟು ಕಾಲಿನ ಒಂದು ಪುಟ್ಟ ಫ್ಲ್ಯಾಶ್ ಚಿಪ್‌ನೊಳಗಿನ ಡೇಟಾ ಮಾತ್ರ. ಜಿಪಿಯು (ಕಾರ್ಡ್‌ನ ಮುಖ್ಯ ಚಿಪ್), ಮೆಮೊರಿ, ವಿದ್ಯುತ್ ಭಾಗ ಎಲ್ಲವೂ ಸರಿಯಾಗೇ ಇರುತ್ತವೆ. ಆ ಚಿಪ್‌ಗೆ ಹೊರಗಿನಿಂದ ನೇರವಾಗಿ ಬರೆಯಲು ಸಿಗುವ ಅತಿ ಅಗ್ಗದ ಸಾಧನ ಸಿಎಚ್341ಎ ಯುಎಸ್‌ಬಿ ಪ್ರೋಗ್ರಾಮರ್. ಕಪ್ಪು ಬೋರ್ಡ್, ಎಂಟು ಕಾಲಿನ ಚಿಪ್ ಹಿಡಿಯುವ ಎಸ್‌ಒಪಿ8 ಕ್ಲಿಪ್, 1.8 ವೋಲ್ಟ್ ಅಡಾಪ್ಟರ್ ಮೂರೂ ಸೇರಿ ಬರುವ ಸಾಮಾನ್ಯ ಕಿಟ್‌ನ ವಿಮರ್ಶೆ ಇದು.

ಕೊಳ್ಳುವ ಮೊದಲು ಇದು ನಿಜಕ್ಕೂ ಬೇಕೇ ನೋಡಿಕೊಳ್ಳಿ. ಕಾರ್ಡ್‌ನಲ್ಲಿ ಡ್ಯುಯಲ್ ಬಯೋಸ್ ಸ್ವಿಚ್ ಇದ್ದರೆ ಸರಿಯಿರುವ ಬದಿಗೆ ಹಾಕಿ ಬೂಟ್ ಮಾಡಿ, ಸಿಸ್ಟಮ್ ಓಡುತ್ತಿರುವಾಗಲೇ ಸ್ವಿಚ್ ತಿರುಗಿಸಿ ಕೆಟ್ಟ ಬದಿಗೆ ಫ್ಲ್ಯಾಶ್ ಮಾಡಬಹುದು, ಅಂದರೆ ಬಯೋಸ್ ಮತ್ತೆ ಬರೆಯಬಹುದು. ಸ್ವಿಚ್ ಇಲ್ಲದಿದ್ದರೆ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್ ಅಥವಾ ಇನ್ನೊಂದು ಕಾರ್ಡ್‌ನಿಂದ ಪರದೆ ತಂದು, ಎನ್‌ವಿಡಿಯಾ ಆದರೆ ಎನ್‌ವಿಫ್ಲ್ಯಾಶ್, ಎಎಂಡಿ ಆದರೆ ಎಎಂಡಿವಿಬಿಫ್ಲ್ಯಾಶ್ ಎಂಬ ಬಯೋಸ್ ಬರೆಯುವ ಸಾಫ್ಟ್‌ವೇರ್ ಓಡಿಸಿ ನೋಡಿ. ಅದರ ಪಟ್ಟಿಯಲ್ಲಿ ಕಾರ್ಡ್ ಕಾಣಿಸಿದರೆ ಅದರಿಂದಲೇ ಬಯೋಸ್ ಬರೆದು ಅಲ್ಲಿಗೇ ಕೆಲಸ ಮುಗಿಯುತ್ತದೆ. ಕಾಣದೇ ಹೋದಾಗ, ಅಥವಾ ಕಾರ್ಡ್ ಹಾಕಿದರೆ ಮದರ್‌ಬೋರ್ಡ್ ಪೋಸ್ಟ್ (ಆರಂಭದ ತಪಾಸಣೆ) ಆಗುವುದೇ ಇಲ್ಲ ಎಂದಾಗ ಪ್ರೋಗ್ರಾಮರ್ ಬೇಕು. ಚಿಪ್‌ನ 1 ಮತ್ತು 8ನೇ ಕಾಲು ಶಾರ್ಟ್ ಮಾಡಿ ಬೂಟ್ ಮಾಡುವ ಹಳೆಯ ಉಪಾಯವೂ ಇದೆ. ಆದರೆ ಪವರ್ ಇರುವ ಕಾರ್ಡ್‌ನ ಮೇಲೆ ಕೈ ಸ್ವಲ್ಪ ಜಾರಿದರೂ ಪಕ್ಕದ ಕಾಲಿಗೆ ತಗಲುತ್ತದೆ. ಪ್ರೋಗ್ರಾಮರ್ ಕೈಯಲ್ಲಿದ್ದರೆ ಅದರ ಗೊಡವೆ ಬೇಡ.

ಈಗ ಈ ಕಿಟ್‌ನ ದೊಡ್ಡ ದೋಷ. ಕಪ್ಪು ಬೋರ್ಡ್‌ನಲ್ಲಿ ಎಎಂಎಸ್1117 ರೆಗ್ಯುಲೇಟರ್ ಇದೆ, ಅದು ಫ್ಲ್ಯಾಶ್ ಚಿಪ್‌ಗೆ 3.3 ವೋಲ್ಟ್ ಕೊಡುತ್ತದೆ. ಆದರೆ ಸಿಎಚ್341ಎ ಐಸಿ ಮಾತ್ರ ಯುಎಸ್‌ಬಿಯ 5 ವೋಲ್ಟ್‌ನಲ್ಲೇ ಓಡುತ್ತದೆ, ಹಾಗಾಗಿ ಸಿಗ್ನಲ್ ಕಾಲುಗಳಲ್ಲೂ ಹೊರಬರುವುದು 5 ವೋಲ್ಟ್ ಮಟ್ಟ. ಮಲ್ಟಿಮೀಟರ್ ಹಿಡಿದು ಸಾಕೆಟ್‌ನ 4 (ಗ್ರೌಂಡ್) ಮತ್ತು 8ರ (ವಿದ್ಯುತ್ ಪೂರೈಕೆ) ನಡುವೆ ಅಳೆದವರು 3.3 ನೋಡಿ ಸಮಾಧಾನಪಡುತ್ತಾರೆ. ಅಳೆಯಬೇಕಾದದ್ದು 4 ಮತ್ತು 1ರ ನಡುವೆ. 1 ಎಂದರೆ ಚಿಪ್ ಸೆಲೆಕ್ಟ್ (ಚಿಪ್ ಆಯ್ಕೆ ಮಾಡುವ ಗೆರೆ), ಕೆಲಸವಿಲ್ಲದಾಗ ಅದು ಮೇಲಿನ ಮಟ್ಟದಲ್ಲೇ ನಿಂತಿರುತ್ತದೆ. ಅಲ್ಲಿ 5ರ ಹತ್ತಿರ ತೋರಿಸಿದರೆ ಆ ಬೋರ್ಡನ್ನು ಹಾಗೇ ಬಳಸಬೇಡಿ. 3.3 ವೋಲ್ಟ್ ಫ್ಲ್ಯಾಶ್ ಚಿಪ್ ಅದನ್ನು ತಡೆದುಕೊಂಡರೂ, ಅದೇ ಗೆರೆಗಳ ಇನ್ನೊಂದು ತುದಿಯಲ್ಲಿ ಜಿಪಿಯು ಇದೆ ಎಂಬುದನ್ನು ಮರೆಯಬಾರದು.

ಇದಕ್ಕೆ ರಿಪೇರಿ ಇದೆ. ಸಿಎಚ್341ಎಯ 28ನೇ ಕಾಲನ್ನು ಪ್ಯಾಡ್‌ನಿಂದ ಎತ್ತಿ, ಅದನ್ನೂ 9ನೇ ಕಾಲನ್ನೂ ಸಣ್ಣ ತಂತಿಯಿಂದ ರೆಗ್ಯುಲೇಟರ್‌ನ 3.3 ಔಟ್‌ಪುಟ್‌ಗೆ ಬೆಸುಗೆ ಹಾಕಬೇಕು. ಬೆಸುಗೆ ಕೈಗೆ ಹಿಡಿಸದವರು ವೋಲ್ಟೇಜ್ ಸ್ವಿಚ್ ಇರುವ 1.7 ಆವೃತ್ತಿಯ ಬೋರ್ಡ್ ತೆಗೆದುಕೊಳ್ಳುವುದೇ ವಾಸಿ. ಅದರಲ್ಲೂ ಮೊದಲ ಸಲ ಅಳೆದೇ ಮುಂದುವರಿಯಿರಿ.

ಎರಡನೆಯ ವೋಲ್ಟೇಜ್ ಪ್ರಶ್ನೆ ಚಿಪ್‌ನದು. ಹಳೆಯ ಕಾರ್ಡ್‌ಗಳಲ್ಲಿ 3.3 ವೋಲ್ಟ್ ಚಿಪ್ ಸಾಮಾನ್ಯ. ಹೊಸ ಪೀಳಿಗೆಯ ಎಷ್ಟೋ ಕಾರ್ಡ್‌ಗಳಲ್ಲಿ 1.8 ವೋಲ್ಟ್ ಚಿಪ್ ಇರುತ್ತದೆ. ಬೆಳಕನ್ನು ಓರೆಯಾಗಿ ಬಿಟ್ಟು ಭೂತಗನ್ನಡಿಯಲ್ಲಿ ಹೆಸರು ಓದಿ. ವಿನ್‌ಬಾಂಡ್‌ನ 25ಕ್ಯೂ80ಡಿವಿ 3.3 ವೋಲ್ಟ್‌ನದು, 25ಕ್ಯೂ80ಇಡಬ್ಲ್ಯು 1.8ರದು. ಗಿಗಾಡಿವೈಸ್‌ನಲ್ಲಿ 25ಕ್ಯೂ 3.3, 25ಎಲ್‌ಕ್ಯೂ 1.8. ಮ್ಯಾಕ್ರೋನಿಕ್ಸ್‌ನಲ್ಲಿ 25ಎಲ್ 3.3, 25ಯು 1.8. ಒಂದೇ ಅಕ್ಷರದ ವ್ಯತ್ಯಾಸ ಚಿಪ್ ಸುಡಬಲ್ಲದು, ಆದ್ದರಿಂದ ಡೇಟಾಶೀಟ್ ನೋಡದೆ ಕ್ಲಿಪ್ ಹಾಕಬೇಡಿ. ಕಿಟ್‌ನಲ್ಲಿರುವ 1.8 ವೋಲ್ಟ್ ಅಡಾಪ್ಟರ್ ಈ ಕೆಲಸಕ್ಕೇ ಇರುವುದು. ಬೋರ್ಡ್ ಮೇಲಿನ 25 ಎಂಬ ಗುರುತಿನ ಸಾಕೆಟ್ ಭಾಗಕ್ಕೆ, 1ನೇ ಕಾಲಿನ ದಿಕ್ಕು ನೋಡಿಕೊಂಡು ಅದನ್ನು ಕೂರಿಸಬೇಕು.

ಕಿಟ್‌ನ ಅತಿ ದುರ್ಬಲ ಭಾಗ ಕ್ಲಿಪ್. ಹಲ್ಲುಗಳು ಸಡಿಲ, ಸ್ಪ್ರಿಂಗ್ ಬಿಗಿಯಿಲ್ಲ, ವೈರು ಎಳೆದ ಕಡೆಗೇ ವಾಲುತ್ತದೆ. ಮೊದಲು ಸಿಕ್ಕದೆ, ಅಲ್ಲಾಡಿಸಿದಾಗ ಸಿಕ್ಕಿ, ಬರೆಯುವ ಮಧ್ಯದಲ್ಲಿ ಕೈಕೊಡುವ ಕ್ಲಿಪ್ ಇದ್ದರೆ ಎಷ್ಟು ಒಳ್ಳೆಯ ಪ್ರೋಗ್ರಾಮರ್ ಇದ್ದೂ ವ್ಯರ್ಥ. ಪೊಮೊನಾ 5250 ಕ್ಲಿಪ್ ದುಬಾರಿಯಾದರೂ ಹಿಡಿತದಲ್ಲಿ ಇದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಪದೇ ಪದೇ ಈ ಕೆಲಸ ಮಾಡುವವರು ಅದನ್ನೇ ಕೊಳ್ಳಲಿ. ಯಾವ ಕ್ಲಿಪ್ ಆದರೂ ಹಾಕುವ ಮೊದಲು ಚಿಪ್‌ನ ಕಾಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಫ್ಲಕ್ಸ್ ಅಂಟು ಹೋಗಲಿ. ವೈರ್ ಪಟ್ಟಿಯ ಕೆಂಪು ಅಂಚು ಚಿಪ್ ಮೇಲಿನ ಚುಕ್ಕೆಯ ಕಡೆಗೆ ಬರಬೇಕು. ಕಾಲೇ ಇಲ್ಲದ ಡಬ್ಲ್ಯುಎಸ್‌ಒಎನ್8 ಚಿಪ್ ಇದ್ದರೆ ಈ ಕ್ಲಿಪ್ ಕೆಲಸಕ್ಕೇ ಬಾರದು. ಸ್ಪ್ರಿಂಗ್ ಸೂಜಿಗಳ ಪ್ರೋಬ್ ಬೇರೆ ತರಿಸಬೇಕು.

ಕಾರ್ಡನ್ನು ಸ್ಲಾಟ್‌ನಿಂದ ಹೊರತೆಗೆದು, ಪವರ್ ಕೇಬಲ್ ಕಳಚಿ, ಮೇಜಿನ ಮೇಲಿಟ್ಟೇ ಮಾಡುವ ಕೆಲಸವಿದು. ಮೊದಲು ಕ್ಲಿಪ್, ಆಮೇಲೆ ಯುಎಸ್‌ಬಿ. ವಿಂಡೋಸ್‌ನಲ್ಲಿ ಡ್ರೈವರ್ ಹಾಕಿ ಆಸ್‌ಪ್ರೋಗ್ರಾಮರ್ ಬಳಸಬಹುದು, ಲಿನಕ್ಸ್‌ನಲ್ಲಿ ಫ್ಲ್ಯಾಶ್‌ರಾಮ್. ಮೊದಲು ಚಿಪ್‌ನ ಐಡಿ (ತಯಾರಕ, ಗಾತ್ರ ತಿಳಿಸುವ ಗುರುತು) ಓದಿಸಿ. ಇಎಫ್ ಎಂದು ಶುರುವಾದರೆ ವಿನ್‌ಬಾಂಡ್, ಸಿ8 ಗಿಗಾಡಿವೈಸ್, ಸಿ2 ಮ್ಯಾಕ್ರೋನಿಕ್ಸ್. ಮೊದಲ ಎರಡು ಕಂಪನಿಗಳ ಈ ಚಿಪ್‌ಗಳಲ್ಲಿ ಮೂರನೆಯ ಬೈಟ್ 14 ಇದ್ದರೆ 1 ಎಂಬಿ, 13 ಇದ್ದರೆ 512 ಕೆಬಿ. ಎಲ್ಲವೂ ಎಫ್‌ಎಫ್ ಅಥವಾ 00 ಬಂದರೆ ಸಾಮಾನ್ಯವಾಗಿ ಕ್ಲಿಪ್ ಕೂತಿಲ್ಲ ಎಂದರ್ಥ. ಕ್ಲಿಪ್ ಸರಿಯಾಗಿ ಕೂತರೂ ಐಡಿ ಬರದಿದ್ದರೆ, ಪ್ರೋಗ್ರಾಮರ್ ಕೊಡುವ ಕರೆಂಟನ್ನು ಕಾರ್ಡ್‌ನ ಉಳಿದ ಭಾಗ ಹೀರಿಕೊಂಡು ವೋಲ್ಟೇಜ್ ಕುಸಿಯುತ್ತಿರಬಹುದು. 8ನೇ ಕಾಲಿನ ಮೇಲೆ ಅಳೆದರೆ ಗೊತ್ತಾಗುತ್ತದೆ. ಆಗ ಹಾಟ್ ಏರ್‌ನಿಂದ ಚಿಪ್ ಬಿಡಿಸಿ, ಕಿಟ್‌ನ ಪುಟ್ಟ ಬೋರ್ಡ್‌ಗೆ ಬೆಸೆದು ಸಾಕೆಟ್‌ನಲ್ಲಿ ಓದುವುದೇ ದಾರಿ.

ಕೆಟ್ಟ ಡೇಟಾವನ್ನೂ ಎರಡು ಸಲ ಓದಿ ಉಳಿಸಿಕೊಳ್ಳಿ. ಎರಡು ಫೈಲ್‌ಗಳ ಚೆಕ್‌ಸಮ್ (ಡೇಟಾದಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆ) ಒಂದೇ ಬರುವವರೆಗೆ ಬರೆಯಲು ಹೋಗಬೇಡಿ. ಇನ್ನು ಹೆಚ್ಚಿನವರು ಎಡವುವುದು ಗಾತ್ರದಲ್ಲಿ. ಆರ್‌ಎಕ್ಸ್ 580ರಂಥ ಎಷ್ಟೋ ಕಾರ್ಡ್‌ಗಳಲ್ಲಿ ಬಯೋಸ್ ಫೈಲ್ 256 ಕೆಬಿ, ಚಿಪ್ 512 ಕೆಬಿ. ಫ್ಲ್ಯಾಶ್‌ರಾಮ್ ಇಂಥ ಫೈಲನ್ನು ಸುಮ್ಮನೆ ನಿರಾಕರಿಸುತ್ತದೆ. ಹೆಕ್ಸ್ ಎಡಿಟರ್‌ನಲ್ಲಿ (ಬೈಟ್‌ಗಳನ್ನು ನೇರವಾಗಿ ತಿದ್ದುವ ಸಾಫ್ಟ್‌ವೇರ್) ಹಳೆಯ ಡಂಪ್, ಅಂದರೆ ಮೊದಲು ಓದಿ ಉಳಿಸಿದ ಫೈಲ್, ತೆರೆದು, ಅದರ ಆರಂಭದ ಭಾಗದ ಮೇಲೆ ಹೊಸ ಫೈಲ್ ಅಂಟಿಸಿ, ಉಳಿದದ್ದನ್ನು ಹಾಗೇ ಬಿಡಿ. ಎಫ್‌ಎಫ್ ತುಂಬಿದರೂ ನಡೆಯುತ್ತದೆ, ಆದರೆ ಕೆಲವು ಕಾರ್ಡ್‌ಗಳಲ್ಲಿ ಕೊನೆಯ ಭಾಗದಲ್ಲಿ ಆ ಕಾರ್ಡ್‌ಗೇ ಸೀಮಿತವಾದ ಮಾಹಿತಿ ಇರುತ್ತದೆ, ಅದು ಉಳಿಯಲಿ. ಅಳಿಸಿ, ಬರೆದು, ವೆರಿಫೈ ಮಾಡಲು ಹೆಚ್ಚು ಹೊತ್ತು ಬೇಕಿಲ್ಲ. ವೆರಿಫೈ ಮೊದಲ ಬೈಟ್‌ನಲ್ಲೇ ಬಿದ್ದರೆ ರೈಟ್ ಪ್ರೊಟೆಕ್ಷನ್ ಬಿಟ್‌ಗಳು ಆನ್ ಇರಬಹುದು, ಅನ್‌ಪ್ರೊಟೆಕ್ಟ್ ಕೊಟ್ಟು ಮತ್ತೆ ಅಳಿಸಿ. ಎಲ್ಲೋ ಮಧ್ಯದಲ್ಲಿ ಬಿದ್ದರೆ ಮೊದಲು ಕ್ಲಿಪ್ ಮೇಲೆಯೇ ಅನುಮಾನಪಡಿ.

ಫೈಲ್ ಆಯ್ಕೆಯಲ್ಲಿ ಪ್ರೋಗ್ರಾಮರ್ ಏನೂ ಸಹಾಯ ಮಾಡದು. ಅದೇ ಮಾಡೆಲ್ ಇದ್ದರೂ ಒಂದು ಕಾರ್ಡ್‌ನಲ್ಲಿ ಸ್ಯಾಮ್‌ಸಂಗ್ ಮೆಮೊರಿ, ಇನ್ನೊಂದರಲ್ಲಿ ಮೈಕ್ರಾನ್ ಅಥವಾ ಹೈನಿಕ್ಸ್ ಇರುತ್ತದೆ; ಆ ಮೆಮೊರಿಗೆ ಹೊಂದದ ಬಯೋಸ್ ಹಾಕಿದರೆ ಪರದೆ ತುಂಬ ಚೌಕುಳಿ, ಇಲ್ಲವೇ ಡ್ರೈವರ್ ಹಾಕಿದ ಕೂಡಲೇ ಹ್ಯಾಂಗ್. ಟೆಕ್‌ಪವರ್‌ಅಪ್ ಸಂಗ್ರಹದಲ್ಲಿ ಪ್ರತಿ ಬಯೋಸ್‌ಗೂ ಅದು ಬೆಂಬಲಿಸುವ ಮೆಮೊರಿಯ ಪಟ್ಟಿ ಕೊಟ್ಟಿರುತ್ತಾರೆ, ಸಬ್‌ಸಿಸ್ಟಮ್ ಐಡಿ (ಕಾರ್ಡ್‌ನ ತಯಾರಕ, ಮಾಡೆಲ್ ತಿಳಿಸುವ ಗುರುತು) ಜೊತೆಗೆ ಅದನ್ನೂ ತಾಳೆ ನೋಡಿ. ತಿದ್ದಿದ ಬಯೋಸ್ ಹಾಕುವ ಆಸೆಯಿಂದ ಈ ಕಿಟ್ ಕೊಳ್ಳುವವರಿಗೂ ಒಂದು ಮಾತು: ಜಿಟಿಎಕ್ಸ್ 10 ಸರಣಿಯಿಂದ ಈಚೆಗೆ ಎನ್‌ವಿಡಿಯಾ ಕಾರ್ಡ್‌ಗಳು ಬಯೋಸ್‌ನ ಡಿಜಿಟಲ್ ಸಹಿಯನ್ನು ಕಾರ್ಡ್‌ನೊಳಗೇ ಪರೀಕ್ಷಿಸುತ್ತವೆ. ಪ್ರೋಗ್ರಾಮರ್ ಏನನ್ನು ಬೇಕಾದರೂ ಬರೆಯುತ್ತದೆ, ಆ ಪರೀಕ್ಷೆಯನ್ನು ಮಾತ್ರ ದಾಟಿಸುವುದಿಲ್ಲ.

ಕಿಟ್ ಅನ್ನು ಇದ್ದ ಹಾಗೇ ಕೊಂಡು ಹೊಸ ಕಾರ್ಡ್‌ಗೆ ಹಾಕುವುದಕ್ಕೆ ನಮ್ಮ ಶಿಫಾರಸು ಇಲ್ಲ. 3.3ಕ್ಕೆ ತಿದ್ದಿದ ಕಪ್ಪು ಬೋರ್ಡ್ ಅಥವಾ 1.7 ಆವೃತ್ತಿ, ಬೇರೆಯಾಗಿ ಒಳ್ಳೆಯ ಕ್ಲಿಪ್, ಒಂದು ಮಲ್ಟಿಮೀಟರ್: ಇಷ್ಟು ಕೂಡಿಸಿಕೊಂಡವರು ಧೈರ್ಯವಾಗಿ ಕೊಳ್ಳಬಹುದು. ಚಿಪ್ ಹುಡುಕಲು ಕೂಲರ್ ಬಿಚ್ಚಬೇಕಾದ ಕಾರ್ಡ್ ಆಗಿದ್ದರೆ ಹೊಸ ಥರ್ಮಲ್ ಪೇಸ್ಟ್, ಅದೇ ದಪ್ಪದ ಥರ್ಮಲ್ ಪ್ಯಾಡ್ ಮೊದಲೇ ತರಿಸಿಟ್ಟುಕೊಳ್ಳಿ.