ರಿಂಗ್ ರೋಡ್ ಆಚೆ ಸೈಟ್ ನೋಡ್ತಿರೋರು ಮೊದ್ಲು ಮ್ಯಾಪಿನ ಬಣ್ಣ ನೋಡಿ

ಮೈಸೂರಲ್ಲಿ ಬನ್ನೂರು ರೋಡ್ ಕಡೆ ಸೈಟ್ ಹುಡುಕ್ತಿರೋರು ದಯವಿಟ್ಟು ಪೂರ್ತಿ ಓದಿ. ಟೈಪ್ ಮಾಡಕ್ಕೂ ಕೈ ನಡುಗ್ತಿದೆ, ಅಷ್ಟು ಸಿಟ್ಟು ಬಂದಿದೆ.

ನಾವು ನೋಡಿದ ಜಾಗದಲ್ಲಿ ಲೇಔಟ್‌ನೋರು ಕಲ್ಲು ನೆಟ್ಟಿದ್ರು, ಜಲ್ಲಿ ರೋಡ್ ಹಾಕಿದ್ರು, ಲೈಟ್ ಕಂಬನೂ ನಿಲ್ಸಿದ್ರು. ಪಹಣಿ, ಸ್ಕೆಚ್ಚು, ಮಾಸ್ಟರ್ ಪ್ಲಾನ್ (ಯಾವ ಜಾಗ ಯಾವುದಕ್ಕೆ ಅಂತ ಬಣ್ಣದಲ್ಲಿ ತೋರ್ಸೋ ಊರಿನ ನಕ್ಷೆ) ಜೆರಾಕ್ಸು ಎಲ್ಲಾ ನೀಟಾಗಿ ಫೈಲ್ ಮಾಡಿ ಕೈಗಿಟ್ರು. "ಡಿಸಿ ಕನ್ವರ್ಷನ್‌ಗೆ ಹಾಕಿದೀವಿ ಸಾರ್, ಬಂದ್ಬುಡುತ್ತೆ" ಅಂದ್ರು, ಅಂದ್ರೆ ಕೃಷಿ ಜಮೀನಲ್ಲಿ ಮನೆ ಕಟ್ಟಕ್ಕೆ ಜಿಲ್ಲಾಧಿಕಾರಿ ಕೊಡೋ ಅನುಮತಿ. ಅಗ್ರಿಮೆಂಟ್ ಆಯ್ತು, ಅಡ್ವಾನ್ಸ್ ಕೊಟ್ಟಾಯ್ತು, ಮಾವನ ಮನೆಯವ್ರಿಗೆಲ್ಲಾ ಹೇಳಿನೂ ಆಯ್ತು.

ಲೋನ್‌ಗೆ ಹೋದಾಗ ಬ್ಯಾಂಕಿನ ಲಾಯರ್ ಮಾಸ್ಟರ್ ಪ್ಲಾನ್ 2031ರ ಕಲರ್ ಮ್ಯಾಪ್ ತೆಗೆದು ನಮ್ಮ ಸರ್ವೆ ನಂಬರ್ ಮೇಲೆ ಬೆರಳಿಟ್ರು. ಹಸಿರು! ಹಳದಿ ಇದ್ರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಹಸಿರು ಅಂದ್ರೆ ಪಾರ್ಕು, ಬಯಲು. ಅವತ್ತು ಹೊಳೀತು ನೋಡಿ, ನಮಗೆ ಕೊಟ್ಟಿದ್ದು ಕಪ್ಪು ಬಿಳುಪು ಜೆರಾಕ್ಸು, ಅದ್ರಲ್ಲಿ ಹಳದಿನೂ ಬೂದಿ ಹಸಿರೂ ಬೂದಿ. ಬೇಕಂತ್ಲೇ ಕಣ್ರೀ, ಬೇಕಂತ್ಲೇ ಹಂಗೆ ಕೊಟ್ಟಿದ್ದು. ಆ ಕುರ್ಚಿಲಿ ಕೂತು ಹೆಂಡ್ತಿ ಮುಖ ನೋಡಕ್ಕಾಗ್ಲಿಲ್ಲ ನಂಗೆ.

ಫೋನ್ ಮಾಡಿದ್ರೆ ಏಜೆಂಟ್ ಏನಂದ ಗೊತ್ತಾ, "ಪಕ್ಕದಲ್ಲಿ ಪಾರ್ಕ್ ಬಂದ್ರೆ ನಿಮ್ಗೇ ಒಳ್ಳೇದಲ್ವಾ ಸಾರ್". ಪಕ್ಕದಲ್ಲಲ್ಲಪ್ಪ, ನನ್ ಸೈಟೇ ಪಾರ್ಕು ಅಂದೆ. "ಕಲರ್ ಎಲ್ಲಾ ಯಾರ್ ನೋಡ್ತಾರೆ, ಮಾಡ್ಸಣ ಬುಡಿ" ಅಂದ. ಏನ್ ಮಾಡ್ಸೋದು? ಪ್ಲಾನಲ್ಲಿ ವಸತಿ ಅಂತ ಇಲ್ದಿದ್ರೆ ಮೊದ್ಲು 1961ರ ಟೌನ್ ಪ್ಲಾನಿಂಗ್ ಕಾಯ್ದೆ 14ಎ ಪ್ರಕಾರ ಭೂ ಉಪಯೋಗ ಬದಲಾಗ್ಬೇಕು, ಪೇಪರಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೀಬೇಕು, ಆಮೇಲೆ ತಾನೇ ಕನ್ವರ್ಷನ್ನು. ದುಡ್ಡು ವಾಪಸ್ ಕೊಡಿ ಅಂದ್ರೆ "ಬೇರೆ ಗಿರಾಕಿ ನೀವೇ ಕರ್ಕೊಂಡ್ ಬನ್ನಿ, ಅವ್ರ್ ಕೊಟ್ಟಿದ್ದು ನಿಮಗ್ ಕೊಡ್ತೀವಿ" ಅಂತಾನೆ. ಅಂದ್ರೆ ನಾನು ಇನ್ನೊಬ್ರ ತಲೆಗೆ ಕಟ್ಬೇಕಂತೆ! ಆ ಕೆಲ್ಸ ನಾನು ಮಾಡಲ್ಲ.

1903ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಕಟ್ಟಿ ಪ್ಲಾನ್ ಪ್ರಕಾರ ಬೆಳೆದ ಊರು ಇದು. ಮಕ್ಕಳು ಆಡೋ ಬಯಲನ್ನೂ ಇವ್ರು ಅಳತೆ ಹಾಕಿ ಮಾರ್ತಾವ್ರೆ.

ಸರ್ವೆ ನಂಬರ್ ಹಿಡ್ಕೊಂಡು ಮೈಸೂರು ಅಭಿವೃದ್ಧಿ ಪ್ರಾಧಿಕಾರದ ಟೌನ್ ಪ್ಲಾನಿಂಗ್ ವಿಭಾಗಕ್ಕೆ ನೀವೇ ಹೋಗಿ, ಯಾವ ವಲಯ ಅಂತ ಬರವಣಿಗೆಲಿ ತಗೊಳ್ಳಿ, ಏಜೆಂಟ್ ಕೊಟ್ಟ ಜೆರಾಕ್ಸ್ ನಂಬ್ಬೇಡಿ. ನಾನು ಲಾಯರ್ ನೋಟಿಸ್ ಕಳ್ಸಿದೀನಿ. ಅದೇ ಜಾಗ ಇವತ್ತೂ ತೋರಿಸ್ತಾವ್ರೆ, ಭಾನುವಾರ ಕಾರ್ ಕಳಿಸ್ತೀವಿ ಅಂತಾರೆ, ಹತ್ಬೇಡಿ.